ಸನ್ಮಾನದ ದಿನ ಟೈಮಿಂಗ್ ಓದಿ

ಕಾಲೇಜಿನಲ್ಲಿ ಕ್ರೀಡಾಪಟುಗಳ ಸನ್ಮಾನ ಹೇಗಿರುತ್ತದೆ ಗೊತ್ತಲ್ಲ: ಶಾಲು, ಹಾರ, ಮೊಮೆಂಟೊ, ಒಂದು ಫೋಟೊ. ನಿರೂಪಕರು ಪದಕಗಳ ಪಟ್ಟಿ ಓದುತ್ತಾರೆ. ಕಬಡ್ಡಿ, ವಾಲಿಬಾಲ್ ಮಕ್ಕಳಿಗೆ ಇದು ಸರಿ. ದೂರದ ಓಟದವರಿಗೆ ಸಾಲದು. ಬಳ್ಳಾರಿಯಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನ ಕೆಲಸ ನನಗೆ ಕಲಿಸಿದ್ದು ಇದು.

ಹೋದ ವರ್ಷ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು, ಸಿರುಗುಪ್ಪ ಕಡೆಯವಳು, 5000 ಮೀಟರ್ ಓಡುತ್ತಿದ್ದಳು. ಮೂರು ವರ್ಷಕ್ಕೆ ಒಂದೇ ಕಂಚು, ಅದೂ ಗುಡ್ಡಗಾಡು ಓಟದಲ್ಲಿ. ಪಟ್ಟಿ ಓದಿದರೆ ಒಂದು ಸಾಲಿಗೆ ಮುಗಿಯಿತು. ನನ್ನ ರಿಜಿಸ್ಟರ್ ತೆಗೆದರೆ ಕಥೆಯೇ ಬೇರೆ. ಮೊದಲ ವರ್ಷ 22 ನಿಮಿಷ 5 ಸೆಕೆಂಡ್. ಕೊನೆಗೆ 19 ನಿಮಿಷ 10 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ಇದು ಹನ್ನೆರಡೂವರೆ ಸುತ್ತು. ಸುತ್ತಿಗೆ 106 ಸೆಕೆಂಡ್ ಓಡುತ್ತಿದ್ದವಳು 92ಕ್ಕೆ ಬಂದಿದ್ದಳು.

ಹೊಸಬರ ಟೈಮಿಂಗ್ ಮೊದಮೊದಲು ಬೇಗ ಇಳಿಯುತ್ತದೆ, ನಿಜ. ಆಮೇಲೆ ಒಂದೊಂದು ಸೆಕೆಂಡೂ ದುಬಾರಿ. ಭಾರತದ ಓಟಗಾರ ಬಹಾದ್ದೂರ್ ಪ್ರಸಾದ್ 1992ರಲ್ಲಿ 5000 ಮೀಟರನ್ನು 13 ನಿಮಿಷ 29.70 ಸೆಕೆಂಡಿನಲ್ಲಿ ಓಡಿದ್ದರು. ಆ ರಾಷ್ಟ್ರೀಯ ದಾಖಲೆ ಮುರಿಯಲು 2022ರಲ್ಲಿ ಅವಿನಾಶ್ ಸಾಬ್ಳೆ ಬರಬೇಕಾಯಿತು: 13 ನಿಮಿಷ 25.65 ಸೆಕೆಂಡ್. 30 ವರ್ಷಕ್ಕೆ ಇಳಿದದ್ದು ನಾಲ್ಕೇ ಸೆಕೆಂಡ್!

ರಿಜಿಸ್ಟರಿನಲ್ಲಿ ಬಿಸಿಲಿನ ವಿವರವನ್ನೂ ಬರೆಯಬೇಕು. ನಮ್ಮೂರಿನ ಏಪ್ರಿಲ್ ಗೊತ್ತಿರುವವರಿಗೆ ಕಾರಣ ಹೇಳಬೇಕಾಗಿಲ್ಲ. ಮೈ ತಣ್ಣಗಿಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಎದೆ ಜಾಸ್ತಿ ಬಡಿಯುತ್ತದೆ. ಡಿಸೆಂಬರ್ ಟೈಮಿಂಗ್ ಪಕ್ಕ ಏಪ್ರಿಲ್‌ನದನ್ನು ಸುಮ್ನೆ ಇಟ್ಟು 'ಹಿಂದೆ ಬಿದ್ದಳು' ಎನ್ನುವುದು ಅನ್ಯಾಯ.

ಹಾಗಾಗಿ ಅವಳ ಎಲ್ಲ ಓಟಗಳನ್ನೂ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿದೆ: ತಿಂಗಳು, ಊರು, ಟ್ರ್ಯಾಕ್ ಮಣ್ಣಿನದೋ ಸಿಂಥೆಟಿಕ್ಕೋ, ಟೈಮಿಂಗ್, ಎಷ್ಟನೇ ಸ್ಥಾನ. ಎರಡನೇ ವರ್ಷ ಕಾಲು ನೋವಿಗೆ ಅರ್ಧಕ್ಕೆ ಬಿಟ್ಟ ಓಟವೊಂದಿತ್ತು. ಅದನ್ನು ತೆಗೆದುಬಿಡೋಣ ಎಂದರು ಸಹೋದ್ಯೋಗಿಯೊಬ್ಬರು. ಅವಳನ್ನೇ ಕೇಳಿದೆವು. 'ಇರಲಿ ಸರ್, ಅದೂ ನಾನೇ ಓಡಿದ್ದಲ್ವಾ' ಎಂದಳು. ಉಳಿಸಿದೆವು.

ವೇದಿಕೆಯಲ್ಲಿ ಆ ಹಾಳೆಯನ್ನು ಅವಳ ಜೊತೆ ಅಭ್ಯಾಸ ಮಾಡುತ್ತಿದ್ದ ಜೂನಿಯರ್ ಹುಡುಗಿ ಓದಿದಳು. ಅತಿಥಿಗಳ ಭಾಷಣ ಕಡಿಮೆ ಮಾಡಿ ಜಾಗ ಮಾಡಿಕೊಟ್ಟೆವು, ಯಾರೂ ಬೇಜಾರಾದಂತೆ ಕಾಣಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವರಮ್ಮ ಬಂದು, 'ಇಷ್ಟೊಂದು ಕಡೆ ಓಡ್ಯಾಳೇನ್ರಿ ಸರ್? ನಮಗ ಒಂದೂ ಹೇಳಿಲ್ಲ ನೋಡ್ರಿ' ಎಂದು ಮಗಳ ಮೇಲೆ ಹುಸಿಕೋಪ ಮಾಡಿದರು. ಮೊಮೆಂಟೊ ತಮ್ಮನ ಕೈಗೆ ಹೋಯಿತು, ಹಾಳೆಯನ್ನು ಅಮ್ಮ ಬ್ಯಾಗಿಗೆ ಹಾಕಿಕೊಂಡರು.

ಈ ಸಲ ನಡಿಗೆ ಸ್ಪರ್ಧೆಯ ಹುಡುಗನೊಬ್ಬ ಇದ್ದಾನೆ. ಅವನನ್ನು ಅನರ್ಹಗೊಳಿಸಿದ ಸ್ಪರ್ಧೆಗಳನ್ನೂ ಬರೆಯಬೇಕೇ ಎಂಬ ಬಗ್ಗೆ ನಮ್ಮಲ್ಲಿ ವಾದ ಇನ್ನೂ ಮುಗಿದಿಲ್ಲ.