ಬರೀ ಇಂಜೆಕ್ಷನ್ ಕೊಡೋ ಕೆಲಸ ತಾನೆ?

ನಾನು ನರ್ಸು ಅಂದರೆ ಸಾಕು, ಮೊದಲು ಬರುವ ಪ್ರಶ್ನೆ "ಯಾವ ಆಸ್ಪತ್ರೆ?" ಆಸ್ಪತ್ರೆ ಇಲ್ಲ, ಸಾರ್ವಜನಿಕ ಆರೋಗ್ಯದ ನರ್ಸು, ಮನೆ ಮನೆಗೆ ಹೋಗುತ್ತೇನೆ ಅನ್ನುತ್ತೇನೆ. ಕೇಳಿದವರ ಮುಖ ಚೂರು ಇಳಿಯುತ್ತದೆ. ಆಮೇಲೆ ಎರಡನೆಯದು: "ಓ, ಹಾಗಾದ್ರೆ ಬರೀ ಇಂಜೆಕ್ಷನ್ ಕೊಡೋ ಕೆಲಸ, ಅಲ್ವಾ?"

ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಬರೀ" ವಿಚಾರ. ನನ್ನ ಕೆಲಸದಲ್ಲಿ ಬರೀ ಇರುವುದು ನಿಜ. ಆದರೆ ಅದು ಬರೆಯುವ ಬರೀ. ಯಾವ ಮಗು, ಯಾವ ಲಸಿಕೆ, ಯಾವ ಬ್ಯಾಚು, ಮುಂದಿನ ಡೋಸು ಯಾವತ್ತು, ಆವತ್ತು ಬರಲಿಲ್ಲ ಅಂದರೆ ಯಾಕೆ. ಚುಚ್ಚುವುದಕ್ಕೆ ಕೆಲವು ಸೆಕೆಂಡು ಸಾಕು. ಬರೆದು ಮುಗಿಸುವಷ್ಟರಲ್ಲಿ ಆ ಮಗು ಅತ್ತು, ಸುಮ್ಮನಾಗಿ, ನನ್ನ ಪೆನ್ನು ಕಿತ್ತುಕೊಂಡಿರುತ್ತದೆ.

ಇಂಜೆಕ್ಷನ್ನೇ ಅಂತಿಟ್ಟುಕೊಳ್ಳಿ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಬಿಸಿ ತಾಗಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳು ಹೆಪ್ಪುಗಟ್ಟಿದರೂ ಹಾಳು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ತುಂಬಾ ಸೀಸೆಗಳ ಮೇಲೆ ಒಂದು ಪುಟಾಣಿ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಅದು ಕಪ್ಪಾಗುತ್ತಾ ಹೋಗುತ್ತದೆ. ಸುತ್ತಲಿನ ಬಣ್ಣಕ್ಕೆ ಸಮ ಬಂತೋ, ಆ ಸೀಸೆ ಎಸೆಯಬೇಕು. ಆದರೆ ಹೆಪ್ಪುಗಟ್ಟಿ ಕರಗಿದ ಲಸಿಕೆಯನ್ನು ಆ ಚೌಕ ಹಿಡಿದುಕೊಡುವುದಿಲ್ಲ. ಅದಕ್ಕೇ ಫ್ರಿಡ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯಾ, ಐಸ್‌ಪ್ಯಾಕಿಗೆ ಸೀಸೆ ಅಂಟಿಕೊಂಡಿದೆಯಾ ಅಂತ ದಿನಾ ಇಣುಕುವ ಹೆಂಗಸು ನಾನು. ಮನೆ ಫ್ರಿಡ್ಜಿನಲ್ಲಿ ಏನಿದೆ ಅಂತ ನನಗೇ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗೆ ಆಗುವಷ್ಟು ಇರಬಹುದು. ದ್ರಾವಣ ಬೆರೆಸಿದ ಮೇಲೆ ಹೆಚ್ಚೆಂದರೆ 6 ಗಂಟೆ, ಆಮೇಲೆ ಉಳಿದದ್ದೆಲ್ಲ ಕಸ. ಸಂಜೆ ಎಲ್ಲ ಕಟ್ಟಿಡುವ ಹೊತ್ತಿಗೆ ಒಬ್ಬಳು ಅಮ್ಮ ಒಂದೇ ಒಂದು ಮಗು ಎತ್ತಿಕೊಂಡು ಓಡಿ ಬರುತ್ತಾಳೆ. ಒಂಬತ್ತು ಡೋಸು ದಂಡವಾದರೂ ನಾನು ಹೊಸ ಸೀಸೆ ಒಡೆಯುತ್ತೇನೆ. ನಾಳೆ ಬನ್ನಿ ಅಂದರೆ ನಾಳೆ ಬರುವುದಿಲ್ಲ. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರ ಬಂದ ಒಬ್ಬರಿಂದ 12ರಿಂದ 18 ಜನರಿಗೆ ಹರಡಬಹುದು. ಒಂಬತ್ತು ಡೋಸಿನ ಲೆಕ್ಕ ಕೇಳುವವರು ಈ ಲೆಕ್ಕ ಕೇಳುವುದಿಲ್ಲ.

ಒಬ್ಬರು ದೊಡ್ಡವರು ನನ್ನ ತಲೆ ಸವರಿ "ನಿಜವಾದ ನರ್ಸಿಂಗ್ ಬಿಟ್ಟುಬಿಟ್ಯಾ ಮಗಳೇ?" ಅಂದಿದ್ದರು. ಕನಿಕರದಿಂದಲೇ ಅಂದದ್ದು, ಅದೇ ಜಾಸ್ತಿ ಉರಿದದ್ದು. ಈ ಕೆಲಸಕ್ಕೆ 'ಪಬ್ಲಿಕ್ ಹೆಲ್ತ್ ನರ್ಸ್' ಅಂತ ಹೆಸರು ಕೊಟ್ಟವಳು ಲಿಲಿಯನ್ ವಾಲ್ಡ್. 1893ರಲ್ಲಿ ನ್ಯೂಯಾರ್ಕಿನಲ್ಲಿ ಅವಳು ಪಾಠ ಮಾಡುತ್ತಿದ್ದಾಗ ಒಂದು ಮಗು ಬಂದು, ಹೆರಿಗೆಯಾಗಿ ಮಲಗಿದ್ದ ತನ್ನ ತಾಯಿಯ ಹತ್ತಿರ ಕರೆದುಕೊಂಡು ಹೋಯಿತಂತೆ. ಆ ಮನೆ ನೋಡಿದ ಮೇಲೆ ಅವಳು ಬಡವರ ಬೀದಿಯಲ್ಲೇ ಉಳಿದಳು. ಅವಳ ಜೊತೆಯ ನರ್ಸುಗಳು ಒಂದು ಕಟ್ಟಡದ ಮೆಟ್ಟಿಲಿಳಿದು ಇನ್ನೊಂದನ್ನು ಹತ್ತುವ ಬದಲು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದರು, ಕೈಯಲ್ಲಿ ಬ್ಯಾಗು ಹಿಡಿದು. ಅವರನ್ನೂ ಯಾರೋ ಯಾವ ಆಸ್ಪತ್ರೆ ಅಂತ ಕೇಳಿರುತ್ತಾರೆ ಬಿಡಿ.

ನನ್ನನ್ನು ಒಬ್ಬರಾದರೂ ಹೀಗೆ ಕೇಳಬಾರದಾ: "ಬಾಗಿಲು ತೆಗೆಯದಿದ್ದರೆ ಏನು ಮಾಡ್ತೀರಿ?"

ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರಿದ್ದರು. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ. ಕೆಲವು ವಾರಗಳಲ್ಲೇ ಕೆಮ್ಮು, ಜ್ವರ ಇಳಿದು ಹುಷಾರಾದ ಹಾಗೆ ಅನಿಸುತ್ತದೆ. ಅಲ್ಲೇ ಜನ ಕೈಬಿಡುವುದು. ಮಧ್ಯದಲ್ಲಿ ಬಿಟ್ಟರೆ ರೋಗ ಮರಳಬಹುದು, ರೋಗಾಣು ಮಾತ್ರೆಗೆ ಬಗ್ಗದ ಹಾಗೂ ಆಗಬಹುದು. ಇವರು ಮೂರನೇ ತಿಂಗಳಲ್ಲಿ ಬರುವುದನ್ನು ನಿಲ್ಲಿಸಿದರು. ಮನೆಗೆ ಹೋದೆ. ಒಳಗೆ ಟಿವಿ ಸದ್ದು. ತಟ್ಟಿದೆ, ಟಿವಿ ನಿಂತಿತು. ಬಾಗಿಲು ತೆಗೆಯಲಿಲ್ಲ.

ಮೂರು ಸಲ ಹೀಗೇ ಆಯಿತು. ಮೂರನೇ ಸಲ ಪಕ್ಕದ ಮನೆಯಾಕೆ ಹೊರಗೆ ಬಂದು "ಏನಾಗಿದೆ ಸಿಸ್ಟರ್ ಅವರಿಗೆ?" ಅಂದಳು. ರೋಗದ ಹೆಸರು ಹೇಳುವಂತಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಏನಿಲ್ಲ, ಮಗುವಿನ ಲಸಿಕೆ ಬಾಕಿ ಇತ್ತು." ಆಕೆ ನನ್ನನ್ನೇ ನೋಡಿದಳು. "ಆ ಮನೇಲಿ ಮಗುವೇ ಇಲ್ವಲ್ಲ!"

ನಾಲ್ಕನೇ ಸಲ ಕತ್ತಲಾದ ಮೇಲೆ ಹೋದೆ. ಯೂನಿಫಾರ್ಮ್ ಇರಲಿಲ್ಲ, ಬ್ಯಾಗೂ ಇರಲಿಲ್ಲ. ಬಾಗಿಲು ಒಂದು ಗೇಣು ತೆರೆಯಿತು. "ಮಾತ್ರೆ ನುಂಗೋಕೆ ನಂಗೇನೂ ಕಷ್ಟ ಇಲ್ಲ ಸಿಸ್ಟರ್. ನೀವು ಬಂದು ನಿಂತ್ರೆ ಬೀದಿಗೆಲ್ಲಾ ಗೊತ್ತಾಗುತ್ತೆ. ನೀವು ಬರೋದೇ ಕಷ್ಟ."

ಹೊಸ್ತಿಲ ಮೇಲೆ ನಿಂತು ಕೇಳಿಸಿಕೊಂಡೆ. ತರಬೇತಿಯಲ್ಲಿ ಮನೆ ಭೇಟಿ ತಪ್ಪಿಸಬೇಡಿ ಅಂತ ಕಲಿಸಿದ್ದರು. ನಾನು ತಪ್ಪಿಸಿರಲಿಲ್ಲ. ಹೋದಾಗಲೆಲ್ಲ ಬಾಗಿಲು ತಟ್ಟಿ ತಟ್ಟಿ ಬೀದಿಗೆ ಡಂಗುರ ಹೊಡೆದು ಬಂದಿದ್ದೆ. ರಿಜಿಸ್ಟರಿನಲ್ಲಿ ಮಾತ್ರ ಮೂರು ಸಲವೂ "ಮನೆಯಲ್ಲಿ ಇರಲಿಲ್ಲ" ಅಂತ ಬರೆದಿದ್ದೆ.

ಎಲ್ಲಿ ಸಿಗೋಣ ಅಂತ ಕೇಳಿದೆ. ಅವರ ಕೆಲಸದ ದಾರಿಯಲ್ಲಿ ಒಂದು ಬಸ್ ಸ್ಟಾಪು. ಬಸ್ಸು ಕಾಯುವವರ ಹಾಗೆ ಇಬ್ಬರೂ ನಿಲ್ಲುತ್ತಿದ್ದೆವು. ನಾನು ಪೊಟ್ಟಣ ಕೊಡುತ್ತಿದ್ದೆ, ಅವರು ಖಾಲಿಯಾದದ್ದನ್ನು ತೋರಿಸುತ್ತಿದ್ದರು. ಬಿಟ್ಟುಹೋಗಿದ್ದ ದಿನಗಳನ್ನೂ ಡಾಕ್ಟರು ಸೇರಿಸಿದ್ದರಿಂದ ಮಾತ್ರೆ ಮುಗಿಯುವುದು ತಡವಾಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ.

ಈಗಲೂ ಎದುರಿಗೆ ಸಿಗುತ್ತಾರೆ. ಗುರುತೇ ಇಲ್ಲದವರ ಹಾಗೆ ದಾಟಿ ಹೋಗುತ್ತಾರೆ. ನಾನೂ ಹಾಗೇ ಹೋಗುತ್ತೇನೆ.