ಅರ್ಧ ಟ್ಯಾಂಕ್ ಆದ ಮೇಲೆ ಎಂಜಿನ್ ಸೊರಗುತ್ತಿತ್ತು: ಸೈಲೆನ್ಸರ್ ಪ್ರೆಷರ್ ಕೆಲಸ ಎಲ್ಲಿಗೆ ಬಂತು

ಗದ್ದೆ ಕೊಯ್ಲು ಮುಗಿದ ಕೂಡಲೇ ನಮ್ಮ ರೇಡಿಯೋ ಕಂಟ್ರೋಲ್ ಮಾದರಿ ವಿಮಾನಗಳ ಹಾರಾಟ ಶುರು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಶಿವಮೊಗ್ಗದ ಆಸುಪಾಸು ಬಿಟ್ಟು, ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲೇ ಹಾರಿಸುತ್ತೇವೆ. ನನ್ನದು ಹೈ-ವಿಂಗ್ ಟ್ರೈನರ್, ಅಂದರೆ ರೆಕ್ಕೆ ಮೇಲಿರುವ, ಕಲಿಯುವವರ ವಿಮಾನ. ಎಂಜಿನ್ 46 ಸೈಜಿನ, ಅಂದರೆ ಸುಮಾರು 7.5 ಸಿಸಿಯ ಗ್ಲೋ; ಮೆಥನಾಲ್‌ಗೆ ಹರಳೆಣ್ಣೆ ಬೆರೆಸಿದ ಇಂಧನದಲ್ಲಿ ಓಡುತ್ತದೆ.

ಈ ಸಲ ಒಂದು ದೊಡ್ಡ ತೊಂದರೆ. ಟ್ಯಾಂಕ್ ಫುಲ್ ಇದ್ದಾಗ ಚೆನ್ನಾಗಿ ಎಳೆಯುತ್ತದೆ. ಅರ್ಧ ಖಾಲಿಯಾದ ಮೇಲೆ ಮೂಗು ಮೇಲೆತ್ತಿದರೆ ಸದ್ದು ಕೀರಲಾಗುತ್ತದೆ, ಆಮೇಲೆ ಎಂಜಿನ್ ಆಫ್. ಎರಡು ಸಲ ಹಾಗೇ ಇಳಿಸಿದೆ. ಎರಡನೇ ಸಲ ಬದುವಿಗೆ ತಾಗಿ ಮುಂದಿನ ಚಕ್ರದ ಕಂಬಿ ಬಗ್ಗಿತು. ನೀಡಲ್ (ಇಂಧನ ಎಷ್ಟು ಬಿಡಬೇಕು ಅಂತ ಹೊಂದಿಸುವ ಸ್ಕ್ರೂ) ತಿರುಗಿಸಿ ಇಂಧನ ಜಾಸ್ತಿ ಬಿಟ್ಟರೆ ಶುರುವಿನಲ್ಲೇ ಬರೀ ಹೊಗೆ, ಎಳೆತ ಇಲ್ಲ.

ಈ ಎಂಜಿನ್‌ನಲ್ಲಿ ಸೈಲೆನ್ಸರ್ ಹೊಗೆಯ ಪ್ರೆಷರ್ ನಳಿಕೆಯಲ್ಲಿ ಟ್ಯಾಂಕಿಗೆ ಬಂದು ಇಂಧನವನ್ನು ಕಾರ್ಬುರೇಟರ್ ಕಡೆ ತಳ್ಳುತ್ತದೆ. ಸುಮ್ನೆ ನೀಡಲ್ ತಿರುಗಿಸುತ್ತಾ ಕೂರುವ ಬದಲು ಆ ಪ್ರೆಷರ್ ಅಳೆಯೋಣ ಅನಿಸಿತು. ಗಾರೆ ಕೆಲಸದವರ ಲೆವೆಲ್ ಪೈಪ್ ತಂದು, ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಕುಂಕುಮ ಕಲಸಿದ ನೀರು ಹಾಕಿದೆ. ಸೈಲೆನ್ಸರ್‌ನಿಂದ ಟ್ಯಾಂಕಿಗೆ ಹೋಗುವ ನಳಿಕೆಗೆ ಮೀನಿನ ತೊಟ್ಟಿಯ ಟಿ-ಜಾಯಿಂಟ್ ಸಿಕ್ಕಿಸಿದೆ. ವಿಮಾನವನ್ನು ಗೂಟಕ್ಕೆ ಕಟ್ಟಿ, ಪ್ರೊಪೆಲ್ಲರ್ ಹಿಂದೆ ನಿಂತು ಫುಲ್ ಥ್ರಾಟಲ್ ಕೊಟ್ಟೆ. ನೀರಿನ ಎರಡು ಮಟ್ಟಗಳ ನಡುವೆ ಬರೀ 9 ಸೆಂಟಿಮೀಟರ್.

ಇದು ಸಾಕಾ? ಲೆಕ್ಕ ಹಾಕಿದೆ. ಮೂಗು ನೇರ ಮೇಲಾದಾಗ ಇಂಧನ ಟ್ಯಾಂಕಿನ ಹಿಂಬದಿಗೆ ಇಳಿಯುತ್ತದೆ. ಅದರ ಮೇಲ್ಮೈಯಿಂದ ಕಾರ್ಬುರೇಟರ್‌ಗೆ ಎಷ್ಟು ದೂರವೋ ಅಷ್ಟು ಎತ್ತರಕ್ಕೆ ಏರಬೇಕು. ನನ್ನ ವಿಮಾನದಲ್ಲಿ ಫುಲ್ ಟ್ಯಾಂಕ್ ಇದ್ದರೆ 8 ಸೆಂಟಿಮೀಟರ್, ಅರ್ಧ ಇದ್ದರೆ 14, ಕೊನೆಗೆ 20. ಈ ಇಂಧನ ನೀರಿಗಿಂತ ಹಗುರ, ಹಾಗಾಗಿ 14 ಅಂದರೆ ನೀರಿನ ಲೆಕ್ಕದಲ್ಲಿ ಸುಮಾರು 12. ಇರುವ ಪ್ರೆಷರ್ 9! ಸರಿಯಾಗಿ ಅರ್ಧ ಟ್ಯಾಂಕಿನ ಹೊತ್ತಿಗೇ ಯಾಕೆ ಕೈಕೊಡುತ್ತಿತ್ತು ಅಂತ ಆಗ ಗೊತ್ತಾಯಿತು. ಆ ಸಂಜೆ ನನಗಾದ ಖುಷಿ ಅಷ್ಟಿಷ್ಟಲ್ಲ.

ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ನಮ್ಮ ಭಾವ ಹಲಗೆ ನೋಡಿ, "ಪ್ರೆಷರ್ ಕಟ್ಟದೇ ಇದ್ರೆ ಮೊದಲು ವಾಷರ್ ನೋಡು ಮಾರಾಯ" ಅಂದರು. ಟ್ಯಾಂಕ್ ಬಿಚ್ಚಿ ಬಕೆಟ್ ನೀರಲ್ಲಿ ಮುಳುಗಿಸಿ, ಒಂದು ನಳಿಕೆ ಮುಚ್ಚಿ, ಇನ್ನೊಂದಕ್ಕೆ ಸಿರಿಂಜಿನಿಂದ ಗಾಳಿ ಕೊಟ್ಟೆವು. ರಬ್ಬರ್ ಬಿರಡೆಯ ಪಕ್ಕದಲ್ಲಿ ಸಣ್ಣ ಗುಳ್ಳೆ ಬಂತು. ಸೈಲೆನ್ಸರ್‌ನ ನಳಿಕೆ ಸಿಕ್ಕಿಸುವ ನಿಪ್ಪಲ್ ಬಿಚ್ಚಿದರೆ ಸುಟ್ಟ ಹರಳೆಣ್ಣೆ ಗಟ್ಟಿಯಾಗಿ ತೂತನ್ನು ಮುಕ್ಕಾಲು ಪಾಲು ಮುಚ್ಚಿತ್ತು. ಬಿರಡೆ ಬದಲಾಯಿಸಿ, ತೂತು ಬಿಡಿಸಿ ಮತ್ತೆ ಅಳೆದರೆ 31 ಸೆಂಟಿಮೀಟರ್.

ಆದರೆ ಐಡ್ಲಿಂಗ್‌ನಲ್ಲಿ ನೀರು ಅಲುಗಾಡುವುದೇ ಕಷ್ಟ. ಅಲ್ಲಿ ಟ್ಯಾಂಕಿನ ಎತ್ತರದ್ದೇ ಆಟ. ನನ್ನ ಟ್ಯಾಂಕಿನ ನಡುಗೆರೆ ನೀಡಲ್‌ಗಿಂತ 12 ಮಿಲಿಮೀಟರ್ ಮೇಲಿತ್ತು, ಅದಕ್ಕೇ ಫುಲ್ ಟ್ಯಾಂಕಿನಲ್ಲಿ ಇಂಧನ ತಾನಾಗೇ ಇಳಿದು ಎಂಜಿನ್ ಉಸಿರುಗಟ್ಟುತ್ತಿತ್ತು. ಕೆಳಗಿನ ಸ್ಪಂಜು ತೆಳ್ಳಗೆ ಮಾಡಿ ನೀಡಲ್ ಮಟ್ಟಕ್ಕೆ ತಂದೆ. ಸ್ಪಂಜು ಪೂರ್ತಿ ತೆಗೆಯಲಿಲ್ಲ. ಅದಿಲ್ಲದಿದ್ದರೆ ನಡುಕಕ್ಕೆ ಇಂಧನ ನೊರೆಯಾಗುತ್ತದೆ, ನಳಿಕೆಯಲ್ಲಿ ಗುಳ್ಳೆ ಬರುತ್ತದೆ.

ಕ್ರ್ಯಾಂಕ್‌ಕೇಸಿನಿಂದ (ಪಿಸ್ಟನ್ ಕೆಳಗಿನ ಪೆಟ್ಟಿಗೆ) ಪ್ರೆಷರ್ ತೆಗೆದರೆ ಇನ್ನೂ ಜೋರು ಸಿಗುತ್ತದೆ. ಅಲ್ಲಿ ಒತ್ತಡ ಪ್ರತಿ ಸುತ್ತಿಗೂ ಏರಿಳಿಯುವುದರಿಂದ ಒಂದೇ ಕಡೆ ಬಿಡುವ ವಾಲ್ವ್ ಬೇಕು, ಥ್ರಾಟಲ್ ಇರುವ ಎಂಜಿನ್‌ಗೆ ರೆಗ್ಯುಲೇಟರ್ ಕೂಡ ಬೇಕು. ಟ್ರೈನರ್‌ಗೆ ಅಷ್ಟೆಲ್ಲ ಬೇಡ ಅಂತ ನನ್ನ ಅಭಿಪ್ರಾಯ.

ಕಳೆದ ಭಾನುವಾರ ನಾಲ್ಕು ಟ್ಯಾಂಕ್ ಹಾರಿಸಿದೆ. ಮುಕ್ಕಾಲು ಖಾಲಿಯಾದ ಮೇಲೂ ನೇರ ಮೇಲಕ್ಕೆ ಎಳೆಯಿತು, ಸದ್ದು ಬದಲಾಗಲಿಲ್ಲ. ನಾಲ್ಕನೇ ಟ್ಯಾಂಕಿನ ಕೊನೆಯಲ್ಲಿ ಮಾತ್ರ ಇಳಿಯುವಾಗ ಐಡ್ಲಿಂಗ್ ಸ್ವಲ್ಪ ತಡವರಿಸಿತು. ಮೆಥನಾಲ್ ತೇವ ಹೀರಿಕೊಳ್ಳುತ್ತದೆ ಅಲ್ವಾ, ನನ್ನ ಕ್ಯಾನಿನ ಮುಚ್ಚಳ ಸಡಿಲ ಇತ್ತು. ಮುಂದಿನ ವಾರ ಹೊಸ ಕ್ಯಾನ್ ಒಡೆದು ಅದೇ ನೀಡಲ್ ಸೆಟ್ಟಿಂಗ್‌ನಲ್ಲಿ ಮತ್ತೆ ನೋಡುತ್ತೇನೆ.