ಸಾಲಿನಲ್ಲಿ ನಿಂತು ನೋಡಿದ ಶನಿ

ನಿನ್ನೆ ರಾತ್ರಿ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸಾರ್ವಜನಿಕರಿಗೆ ಆಕಾಶ ತೋರಿಸುತ್ತಿದ್ದರು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಶನಿಯನ್ನು ನೋಡಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟೇ ಸಾಕಾಯಿತು ಅಂತ ಸುಳ್ಳು ಹೇಳಲ್ಲ, ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತೆ.

ಗುಮ್ಮಟದೊಳಗೆ ಕೆಂಪು ದೀಪ ಮಾತ್ರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಒಬ್ಬರ ಮೊಬೈಲ್ ಬೆಳಗಿದರೂ ಎಲ್ಲ ನೀರಿನಲ್ಲಿ ಹೋಮ. ಬೆಳಗಿತು ಕೂಡ. (ನನ್ನದೇ. ಅಮ್ಮನ ಫೋನು.)

ಎರಡನೇ ಸಲ ಹೋದಾಗ, ದೂರದರ್ಶಕ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿ, ಶನಿಯ ಹಿಂದೆಯೇ ಅದನ್ನು ತಿರುಗಿಸುವ ಮೋಟಾರನ್ನು ಒಂದು ಗಳಿಗೆ ನಿಲ್ಲಿಸಿದಳು. ಶನಿ ಮೆಲ್ಲಗೆ ಜಾರಿ ಅಂಚಿನಾಚೆ ಹೋಯಿತು. "ಓಡ್ತಿರೋದು ಅದಲ್ಲ ಸರ್, ನಾವು" ಅಂದಳು. ಗಂಟೆಗೆ 15 ಡಿಗ್ರಿ. ಭೂಮಿ ತಿರುಗುತ್ತದೆ ಅನ್ನೋದು ಚಿಕ್ಕಂದಿನಿಂದ ಬಾಯಿಪಾಠ, ಕಣ್ಣಾರೆ ಕಂಡಿದ್ದು ನಿನ್ನೆಯೇ.

1610ರಲ್ಲಿ ಗೆಲಿಲಿಯೋ ಇದೇ ಶನಿಯನ್ನು ನೋಡಿ ಮೂರು ಕಾಯಗಳು ಒತ್ತೊತ್ತಾಗಿವೆ ಅಂದುಕೊಂಡಿದ್ದ. 1612ರಲ್ಲಿ ಅಕ್ಕಪಕ್ಕದವೆರಡೂ ಮಾಯ! ಪಾಪ, ಕಂಗಾಲಾದ. ಉಂಗುರದ ತೆಳು ಅಂಚು ನಮ್ಮತ್ತ ತಿರುಗಿತ್ತು, ಅಷ್ಟೇ. ಅದು ಉಂಗುರ ಅಂತ ಡಚ್ ವಿಜ್ಞಾನಿ ಹೈಗನ್ಸ್ ಬರೆದು ಪ್ರಕಟಿಸಿದ್ದು 1659ರಲ್ಲಿ.

ಶನಿಯ ಬೆಳಕು ಇಲ್ಲಿಗೆ ಬರಲು ಗಂಟೆಗೂ ಮೀರಿ ಹಿಡಿಯುತ್ತದೆ. ಅಂದರೆ ನಾನು ಮೊದಲ ಸಲ ನೋಡಿದ ಬೆಳಕು, ನಾನು ಸಾಲಿಗೆ ಸೇರುವ ಮೊದಲೇ ಅಲ್ಲಿಂದ ಹೊರಟಿತ್ತು.

ನನ್ನ ಹಿಂದಿದ್ದ ಪುಟ್ಟ ಹುಡುಗ ಕಣ್ಣಿಟ್ಟವನೇ "ಒಳಗೆ ಸ್ಟಿಕ್ಕರ್ ಅಂಟಿಸಿದ್ದಾರೆ" ಅಂದ. ಎಷ್ಟು ಹೇಳಿದರೂ ನಂಬಲಿಲ್ಲ.